ಕಾಫಿ ಗೋದಾಮಿನ ಗೋಡೆಗೆ ಮೂರು ಬಗೆಯ ಇಕ್ಕಳ ಹಿಡಿಗಳು: ಎರಡು ವರ್ಷ ಬಳಸಿದ ಮೇಲೆ

ಹೆಬ್ಬೆರಳು ಎಷ್ಟು ಸೋಮಾರಿ ಎಂಬುದು ನನಗೆ ಗೊತ್ತಾದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಗುದ್ದಲಿ, ಕತ್ತಿ, ಬೈಕಿನ ಹ್ಯಾಂಡಲ್, ಎಲ್ಲದರಲ್ಲೂ ಅದು ಉಳಿದ ನಾಲ್ವರ ಬೆನ್ನಿಗೆ ನಿಂತು ಹೆಸರು ತೆಗೆದುಕೊಳ್ಳುತ್ತದೆಯೇ ಹೊರತು ದುಡಿಯುವುದಿಲ್ಲ. ಬಂಡೆ ಹತ್ತುವವರು ಮನೆಯಲ್ಲೋ ಜಿಮ್ಮಿನಲ್ಲೋ ಗೋಡೆ ಹತ್ತಿ ಅಭ್ಯಾಸ ಮಾಡುತ್ತಾರೆ, ಕೈಗೆ ಆಸರೆಯಾಗಿ ಆ ಗೋಡೆಗೆ ಬಿಗಿಯುವ ತುಂಡುಗಳೇ ಹಿಡಿಗಳು. ಹೆಬ್ಬೆರಳನ್ನು ದುಡಿಸುವುದಕ್ಕೆಂದೇ ಇರುವ ಹಿಡಿಯ ಹೆಸರು ಪಿಂಚ್. ಪಿಂಚ್ ಎಂದರೆ ಚಿವುಟುವುದು ಎಂದು ನಿಘಂಟು ಹೇಳುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಇಕ್ಕಳ ಎಂದು ಹೆಸರಿಟ್ಟಿದ್ದೇವೆ. ಬಿಸಿ ಪಾತ್ರೆಯನ್ನು ಒಲೆಯಿಂದ ಇಳಿಸುವ ಇಕ್ಕಳದಂತೆಯೇ ಒಂದು ಕಡೆ ನಾಲ್ಕು ಬೆರಳು, ಎದುರು ಕಡೆ ಒಂದು ಹೆಬ್ಬೆರಳು. ನಡುವೆ ಸಿಕ್ಕಿದ್ದನ್ನು ಒತ್ತಿ ಹಿಡಿಯಬೇಕು. ಕೊಕ್ಕೆ ಹಾಕಿ ತೂಗಾಡಲು ಅಲ್ಲಿ ಜಾಗವಿರುವುದಿಲ್ಲ. ಒತ್ತಡ ಸಡಿಲಿದರೆ ಕೆಳಗೆ.

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಜಿಮ್ಮಿನ ಗೋಡೆ ಹತ್ತಬೇಕೆಂದರೆ ನಾನು ಬೆಂಗಳೂರಿಗೆ ಹೋಗಬೇಕಿತ್ತು. ಹಾಗಾಗಿ 2023ರ ಆಗಸ್ಟ್‌ನಲ್ಲಿ, ಜಡಿಮಳೆಯಲ್ಲಿ ತೋಟದ ಕೆಲಸವೆಲ್ಲ ನಿಂತಿದ್ದಾಗ, ಕಾಫಿ ಗೋದಾಮಿನ ಒಂದು ಮೂಲೆಯಲ್ಲಿ ಗೋಡೆ ಕಟ್ಟಿಕೊಂಡೆ. 8 ಅಡಿ ಉದ್ದ, 4 ಅಡಿ ಅಗಲದ ಎರಡು ಪ್ಲೈವುಡ್ ಹಲಗೆಗಳು, 18 ಮಿಲಿಮೀಟರ್ ದಪ್ಪದವು, ನೀರಿಗೆ ತಡೆಯುವ ಐಎಸ್ 710 ದರ್ಜೆಯವು. ಲಂಬಕ್ಕಿಂತ 30 ಡಿಗ್ರಿ ನಮ್ಮ ಕಡೆಗೆ ಬಾಗಿಸಿ ನಿಲ್ಲಿಸಿದ್ದೇವೆ. 20 ಸೆಂಟಿಮೀಟರಿಗೆ ಒಂದರಂತೆ ಒಟ್ಟು 144 ರಂಧ್ರ, ಪ್ರತಿ ರಂಧ್ರದ ಹಿಂದೆ ಒಂದು ಟಿ-ನಟ್ (ಹಲಗೆಯ ಬೆನ್ನಿಗೆ ಕಚ್ಚಿ ಕೂತು ಬೋಲ್ಟನ್ನು ಹಿಡಿದುಕೊಳ್ಳುವ ನಟ್), ಅದಕ್ಕೆ 10 ಮಿಲಿಮೀಟರ್ ದಪ್ಪದ ಎಂ10 ಬೋಲ್ಟ್. ಗೋಡೆಯ ಮಟ್ಟಿಗೆ ನನ್ನ ಪಶ್ಚಾತ್ತಾಪ ಒಂದೇ. ಮುಳ್ಳಿನ ಟಿ-ನಟ್ ಬದಲು ಸ್ಕ್ರೂ ಹಾಕಿ ಕೂರಿಸುವ ಟಿ-ನಟ್ ಕೊಳ್ಳಬೇಕಿತ್ತು. ಬೋಲ್ಟ್ ಸ್ವಲ್ಪ ಓರೆಯಾಗಿ ಹತ್ತಿದರೂ ಮುಳ್ಳಿನವು ಮರದಿಂದ ಬಿಡಿಸಿಕೊಂಡು ಹಿಂದೆಯೇ ಗಿರಗಿರ ತಿರುಗುತ್ತವೆ. ಆಮೇಲೆ ಒಬ್ಬರು ಗೋಡೆಯ ಹಿಂದೆ ಜೇಡರ ಬಲೆಯ ನಡುವೆ ಟಾರ್ಚ್ ಹಿಡಿದು ಕೂರಬೇಕು. ನಮ್ಮಲ್ಲಿ ಆ ಕೆಲಸ ಅಣ್ಣನ ಮಗಳದ್ದು. ಅವಳಿಗೀಗ ಹದಿಮೂರು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಗೋಡೆ ಹತ್ತುವ ಸ್ಪರ್ಧೆಯಲ್ಲಿ ಎರಡನೆಯ ಬಾರಿ ಚಿನ್ನ ಗೆದ್ದದ್ದನ್ನು ನೋಡಿದ ಮೇಲೆ ಗೋಡೆ ಅರ್ಧ ಅವಳ ಪಾಲಾಗಿದೆ.

ಮೊದಲು ತರಿಸಿದ್ದು ಆನ್‌ಲೈನ್ ಅಂಗಡಿಯೊಂದರಿಂದ ಹತ್ತು ಹಿಡಿಗಳ ಸೆಟ್, 3,200 ರೂಪಾಯಿ. ಪಾಲಿಯೆಸ್ಟರ್ ರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದವು. ಚಿತ್ರದಲ್ಲಿ ಚೆಲುವಾಗಿದ್ದವು, ಕೈಗೆ ಬಂದಾಗ ಅರೆಯುವ ಕಲ್ಲಿನ ಭಾರ. ಮೈಯಂತೂ ಉಪ್ಪುಕಾಗದ. ಮೊದಲ ವಾರ ಹಿಡಿತ ಭರ್ಜರಿಯಾಗಿ ಸಿಕ್ಕಿತು, ನನಗೆ ಶಕ್ತಿ ಬಂದಿದೆ ಎಂದು ಉಬ್ಬಿದೆ. ಎರಡನೆಯ ವಾರ ಬೆರಳ ತುದಿಯ ಚರ್ಮ ಸುಲಿದು, ಸಾರನ್ನ ಕಲಸುವಾಗ ಉರಿಯಿಂದ ಕಣ್ಣಲ್ಲಿ ನೀರು ಬಂತು. ಒರಟು ಮೈಯ ಇಕ್ಕಳ ಹಿಡಿಯಲ್ಲಿ ಒಂದು ಮೋಸವಿದೆ. ತೂಕವನ್ನು ಚರ್ಮವೇ ಕಚ್ಚಿ ಹಿಡಿಯುತ್ತದೆ, ಹೆಬ್ಬೆರಳು ಮತ್ತೆ ತಪ್ಪಿಸಿಕೊಳ್ಳುತ್ತದೆ. ಕೊಂಡ ಉದ್ದೇಶವೇ ಹಾಳು.

ಹತ್ತರಲ್ಲಿ ಎರಡು ಬೋಲ್ಟಿನ ರಂಧ್ರದ ಸುತ್ತ ಸೀಳಿದವು. ಒಂದು ನನ್ನ ತಪ್ಪೇ. ಪ್ಲೈವುಡ್ ಅಲ್ಲಿ ತುಸು ಉಬ್ಬಿತ್ತು, ಅದನ್ನು ಗಮನಿಸದೆ ಮೈಮೇಲೆ ಬಂದವನಂತೆ ಬಿಗಿದೆ. ಪಾಲಿಯೆಸ್ಟರ್ ಬಗ್ಗುವ ಜಾತಿಯದಲ್ಲ, ಟಪ್ ಎಂದಿತು. ಇನ್ನೊಂದು ಸೀಳಿದ್ದು ನೆಲಕ್ಕೆ ಬಿದ್ದು. ಬದಲಿ ಕೇಳಿದಾಗ ಅಂಗಡಿಯವರು ಫೋಟೋ ಕಳಿಸಿ ಎಂದರು. ಕಳಿಸಿದೆ. ಇನ್ನೊಂದು ಕೋನದಿಂದ ಕಳಿಸಿ ಎಂದರು. ಅಷ್ಟರಲ್ಲಿ ನನಗೇ ಬೇಸರ ಬಂದು ಬಿಟ್ಟೆ.

ಆ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಹೋದಾಗ ತಂದದ್ದು ಪಾಲಿಯುರೆಥೇನ್ ಎಂಬ ಇನ್ನೊಂದು ಬಗೆಯ ರೆಸಿನ್‌ನವು, ಆರಕ್ಕೆ 5,400 ರೂಪಾಯಿ. ಇವುಗಳ ಬಗ್ಗೆ ದೂರು ಹೇಳಬೇಕೆಂದರೆ ಹುಡುಕಬೇಕು. ಹಗುರ. ಬಿದ್ದರೆ ಪುಟಿಯುತ್ತವೆ, ಒಡೆಯುವುದಿಲ್ಲ. ಮೈ ನುಣುಪೂ ಅಲ್ಲ, ಒರಟೂ ಅಲ್ಲ. ಒಳ್ಳೆಯ ಅಕ್ಕಿರೊಟ್ಟಿಯ ಮೇಲೆ ಕೈಯಾಡಿಸಿದ ಹಾಗೆ. ಎರಡು ವರ್ಷದಲ್ಲಿ ಆರೂ ಹಾಗೆಯೇ ಇವೆ, ಹೆಬ್ಬೆರಳು ಕೂರುವ ಜಾಗ ಮಾತ್ರ ಸವೆದು ಮಿರುಗುತ್ತಿದೆ. ಅಂಗೈ ಬೆವರು ಹೀರಲು ಹಚ್ಚಿಕೊಳ್ಳುವ ಚಾಕ್‌ಪುಡಿ ಮೆತ್ತಿಕೊಂಡು ಹೊಳಪು ಬಂದಾಗ ಸೋಪಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದರೆ ಸಾಕು. ತಂತಿಯ ಬ್ರಶ್ ಮುಟ್ಟಿಸಬಾರದು.

ಆದರೆ ನಮ್ಮ ಊರಿಗೆ ಬೇರೆ ಲೆಕ್ಕವಿದೆ. ಗೋಡೆ ಹತ್ತಲು ಅತ್ಯುತ್ತಮ ಕಾಲವೆಂದರೆ ಡಿಸೆಂಬರ್‌ನಿಂದ ಫೆಬ್ರವರಿ, ಚಳಿ ಮತ್ತು ಒಣಹವೆ, ಅಂಗೈ ಬೆವರುವುದೇ ಇಲ್ಲ. ಕಾಫಿ ಕೊಯ್ಲು, ಕಣ, ಗೋದಾಮು ತುಂಬುವುದು, ಎಲ್ಲವೂ ಅದೇ ಮೂರು ತಿಂಗಳು. ಮೂಟೆಗಳು ಗೋಡೆಯ ಕೆಳಗಿನ ಮೂರು ಸಾಲು ಹಿಡಿಗಳನ್ನು ನುಂಗಿಬಿಡುತ್ತವೆ. ಅದರ ಮೇಲೆ ಅಣ್ಣನ ಕಟ್ಟಪ್ಪಣೆ: ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಳಸಿಪ್ಪೆಯೊಂದಿಗೆ ಒಣಗಿಸಿದ ಬೀಜ) ಒಳಗಿರುವಷ್ಟು ದಿನ ಚಾಕ್‌ಪುಡಿ ಹಾರಿಸಬಾರದು. ಕಾಫಿಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುವ ಸರಕು, ಅವನು ಹೇಳುವುದರಲ್ಲಿ ತಪ್ಪಿಲ್ಲ. ಮೆಗ್ನೀಸಿಯಂ ಕಾರ್ಬೊನೇಟ್‌ಗೆ ವಾಸನೆಯಿಲ್ಲ ಎಂದು ವಾದ ಮಾಡಿದೆ. “ಮೂಟೆಯ ಮೇಲೆ ಬಿಳಿ ಪುಡಿ ಕಂಡರೆ ವ್ಯಾಪಾರಿಗೆ ನೀನೇ ಕೆಮಿಸ್ಟ್ರಿ ಪಾಠ ಮಾಡು” ಎಂದ. ಪುಡಿಯಿಲ್ಲದೆ ಹತ್ತಿದಾಗ ಪಾಲಿಯುರೆಥೇನ್ ಹಿಡಿಗಳು ಐದು ನಿಮಿಷದಲ್ಲಿ ಎಣ್ಣೆ ಸವರಿದ ಹಾಗಾದವು. ಮೊದಲ ಕಾಫಿ ಹಂಗಾಮು ಹೀಗೆ ವ್ಯರ್ಥವಾಯಿತು.

ಮರದ ಹಿಡಿಗಳ ಯೋಚನೆ ಬಂದದ್ದು ಅದರಿಂದಲೇ. 2023ರ ಜುಲೈ ಗಾಳಿಗೆ ತೋಟದಲ್ಲಿ ಒಂದು ಸಿಲ್ವರ್ ಓಕ್, ಮೈಮೇಲಿನ ಮೆಣಸಿನ ಬಳ್ಳಿ ಸಮೇತ ಉರುಳಿತ್ತು. ಅದರ ಹಲಗೆಗಳನ್ನು ಸೂರಿನಡಿ ಪೇರಿಸಿ ಒಣಗಲು ಬಿಟ್ಟಿದ್ದೆವು. ಮರುವರ್ಷ ಮೇ ತಿಂಗಳಲ್ಲಿ ಮನೆಯ ಕಿಟಕಿ ರಿಪೇರಿಗೆ ಬಂದ ಆಚಾರರಿಗೆ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ.

“ಇದು ಬಾಗಿಲ ಹಿಡಿಕೆಯೇ?” ಎಂದು ಕೇಳಿದರು.

“ಅಲ್ಲ ಆಚಾರರೇ, ಗೋಡೆ ಹತ್ತುವಾಗ ಹಿಡಿದುಕೊಳ್ಳುವುದಕ್ಕೆ.”

ಅವರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಹಿಡಿದುಕೊಳ್ಳಲು ಇದರಲ್ಲಿ ಏನೂ ಇಲ್ಲವಲ್ಲ. ಬೆರಳು ಕೂರುವ ಹಾಗೆ ಒಂದು ತೋಡು ತೆಗೆದುಕೊಡಲೇ?”

ಬೇಡವೆಂದೆ. ಕಷ್ಟವಾಗಲಿ ಎಂದೇ ಮಾಡಿಸುತ್ತಿದ್ದೇನೆ ಎಂದೆ. ದುಡ್ಡು ಕೊಟ್ಟು ಕಷ್ಟ ಮಾಡಿಸಿಕೊಳ್ಳುವ ಗಿರಾಕಿಯನ್ನು ಅವರು ನೋಡಿದ್ದು ಅದೇ ಮೊದಲಿರಬೇಕು. ಎಂಟು ಮಾಡಿಕೊಟ್ಟರು, ಒಂದಕ್ಕೆ 150 ರೂಪಾಯಿ ಕೂಲಿ. ಬೋಲ್ಟಿನ ತಲೆ ಮತ್ತು ವಾಷರ್ ಒಳಗೆ ಕೂರುವಂತೆ ಬೈರಿಗೆಯಿಂದ ಚೊಕ್ಕವಾಗಿ ಕೊರೆದಿದ್ದರು. ಮರದ ಎಳೆ ಯಾವ ಕಡೆಗೆ ಓಡಬೇಕೆಂದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ಎಂಟರಲ್ಲಿ ಎರಡಕ್ಕೆ ಮಾತ್ರ, ಮನಸ್ಸು ತಡೆಯದೆ, ಹಿಂಬದಿಯಲ್ಲಿ ಬೆರಳಗಲದ ತೋಡು ತೆಗೆದಿದ್ದರು. ಅಣ್ಣನ ಮಗಳಿಗೆ ಗೋಡೆಯಲ್ಲಿ ಅತ್ಯಂತ ಪ್ರೀತಿಯ ಹಿಡಿಗಳು ಆ ಎರಡೇ.

ವಾರ್ನಿಶ್ ಹಾಕಿಸಲಿಲ್ಲ. 120ರ ಉಪ್ಪುಕಾಗದಕ್ಕೆ ನಿಲ್ಲಿಸಿದೆ, ಅದಕ್ಕಿಂತ ನುಣುಪಾದರೆ ಜಾರುತ್ತದೆ. ಮರದ ಗುಣ ತಕ್ಷಣ ಗೊತ್ತಾಯಿತು. ಚರ್ಮವನ್ನು ಕಚ್ಚುವುದಿಲ್ಲ, ಹಾಗಾಗಿ ಹೆಬ್ಬೆರಳು ಒತ್ತಲೇಬೇಕು, ನೆಪ ಹೇಳುವಂತಿಲ್ಲ. ಬೆವರನ್ನು ಒಂದಿಷ್ಟು ತಾನೇ ಹೀರಿಕೊಳ್ಳುತ್ತದೆ. ಮುಂದಿನ ಕಾಫಿ ಹಂಗಾಮಿನಲ್ಲಿ ಪುಡಿಯಿಲ್ಲದೆ, ಮೂಟೆಗಳ ಮಟ್ಟಕ್ಕಿಂತ ಮೇಲಿನ ಸಾಲುಗಳಲ್ಲಿ ಮರದ ಎಂಟನ್ನೇ ಹತ್ತಿದೆ. ಒಂದು ದಿನವೂ ತಪ್ಪಲಿಲ್ಲ ಎಂದರೆ ಸುಳ್ಳಾದೀತು, ತೋಟದ ಕೆಲಸ ಬಿಟ್ಟರೆ ಅಣ್ಣ ಸುಮ್ಮನಿರುವುದಿಲ್ಲ.

ಮಳೆಗಾಲಕ್ಕೆ ಬಂದರೆ ಮೂರೂ ಸೋತವೇ, ಸೋತ ರೀತಿ ಬೇರೆ. ಜೂನ್ ಕೊನೆಯ ವಾರದಿಂದ ನಮ್ಮಲ್ಲಿ ಒಣಹಾಕಿದ ಬಟ್ಟೆ ನಾಲ್ಕು ದಿನವಾದರೂ ತಣ್ಣಗೆ ತೇವವಾಗಿಯೇ ಇರುತ್ತದೆ. ರೆಸಿನ್‌ನ ಎರಡೂ ಬಗೆಯ ಮೈಮೇಲೆ ಕಾಣದ ನೀರಿನ ಪದರ ಕೂರುತ್ತದೆ. ಟೇಬಲ್ ಫ್ಯಾನನ್ನು ಅರ್ಧ ಗಂಟೆ ಗೋಡೆಗೆ ತಿರುಗಿಸಿಟ್ಟರೆ ಪಾಲಿಯುರೆಥೇನ್ ಸರಿಹೋಗುತ್ತದೆ, ಕರೆಂಟ್ ಇದ್ದರೆ. ಮರಕ್ಕೆ ಜುಲೈನಲ್ಲಿ ಬೂದುಹಸಿರು ಬೂಸ್ಟು ಹಿಡಿಯಿತು. ಬಿಚ್ಚಿ ಒರೆಸಿ ಎಲ್ಲಿ ಒಣಗಿಸುವುದೆಂದು ನೋಡುತ್ತಿದ್ದಾಗ ಅಮ್ಮ ಎಂಟನ್ನೂ ಒಲೆಯ ಮೇಲಿನ ಅಟ್ಟಕ್ಕೆ, ಹಲಸಿನ ಹಪ್ಪಳದ ಡಬ್ಬಿಯ ಪಕ್ಕಕ್ಕೆ ಸೇರಿಸಿದರು. ಎರಡು ದಿನಕ್ಕೆ ಖಡಕ್ಕಾಗಿ ಒಣಗಿದವು. ಹೊಗೆಯ ವಾಸನೆ ಮಾತ್ರ ಸೆಪ್ಟೆಂಬರ್‌ವರೆಗೂ ಅಂಗೈಯಲ್ಲಿತ್ತು.

ಮರದಿಂದ ಪೆಟ್ಟು ಬಿದ್ದದ್ದು ಮಳೆಯಲ್ಲಲ್ಲ, ಜನವರಿಯಲ್ಲಿ. ಮಳೆಗಾಲದಲ್ಲಿ ಉಬ್ಬಿದ್ದ ಮರ ಒಣಹವೆಗೆ ಕುಗ್ಗಿ ಬೋಲ್ಟುಗಳೆಲ್ಲ ಒಳಗೊಳಗೇ ಸಡಿಲವಾಗಿದ್ದವು. ಬಲಗೈಯಲ್ಲಿ ಪೂರ್ತಿ ಭಾರ ಹಾಕಿ ಎಡಗೈ ಚಾಚಿದಾಗ ಹಿಡಿ ಗಡಿಯಾರದ ಮುಳ್ಳಿನಂತೆ ತಿರುಗಿತು. ಬಿದ್ದದ್ದು ಕಾಫಿ ಮೂಟೆಯ ಮೇಲೆ. ಮೂಟೆಗೆ ಏನೂ ಆಗಲಿಲ್ಲ ಎಂದು ಅಣ್ಣ ಮೊದಲು ಖಚಿತಪಡಿಸಿಕೊಂಡ. ಅಂದಿನಿಂದ ಪ್ರತಿ ಮರದ ಹಿಡಿಗೂ ಬೋಲ್ಟಿನ ಜೊತೆಗೆ ಎರಡು ಮರದ ಸ್ಕ್ರೂ ಹಾಕಿ ತಿರುಗದಂತೆ ಮಾಡಿದ್ದೇನೆ. ಜೂನ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಎಲ್ಲ ಬೋಲ್ಟುಗಳನ್ನೂ ಮುಟ್ಟಿ ನೋಡುತ್ತೇನೆ.

ಕೊಳ್ಳುವವರು ಬಣ್ಣ, ಒರಟುತನ, ಕಂಪನಿ ಎಲ್ಲ ಕೇಳುತ್ತಾರೆ. ನಾನಾದರೆ ಮೊದಲು ಸ್ಕೇಲ್ ಹಿಡಿದು ಅಗಲ ಅಳೆಯುತ್ತೇನೆ. ಮರದ ಹಿಡಿಗಳನ್ನು ಬೇಕೆಂದೇ ಮೂರು ಅಗಲದಲ್ಲಿ ಮಾಡಿಸಿದ್ದೆ: 50, 75, 100 ಮಿಲಿಮೀಟರ್. ಅದೇ ಅಳತೆಯ ಮೂರು ಬಿಡಿ ದಿಮ್ಮಿಗಳಿಗೆ ಹಗ್ಗ ಕಟ್ಟಿ, 20 ಲೀಟರ್ ಬಕೆಟ್ ತೂಗುಹಾಕಿ, ನೀರು ತುಂಬಿಸುತ್ತ ಪರೀಕ್ಷಿಸಿದೆ. ಲೀಟರಿಗೆ ಒಂದು ಕಿಲೋ, ತಕ್ಕಡಿ ಬೇಕಾಗಿಲ್ಲ. ನೆಲದಿಂದ ಎತ್ತಿ ಹತ್ತು ಎಣಿಸುವವರೆಗೆ ಹಿಡಿದರೆ ಲೆಕ್ಕಕ್ಕೆ ಬಂತು. 2024ರ ಜೂನ್‌ನಲ್ಲಿ ಬಲಗೈಗೆ 75ರ ದಿಮ್ಮಿಯಲ್ಲಿ 11 ಲೀಟರ್, ಈ ನವೆಂಬರ್‌ನಲ್ಲಿ 18. 50ರಲ್ಲಿ ಈಗ 14, 100ರಲ್ಲಿ ಬರೀ 10. ಅಂದರೆ ನನ್ನ ಅಂಗೈಗೆ ನಡುವಿನ ಅಗಲ ಹಿತ. ಕಿರಿದಾದರೆ ಬೆರಳು ಮಡಚಿಕೊಂಡು ಒತ್ತಡ ಸಾಲದು, ಅಗಲವಾದರೆ ಹೆಬ್ಬೆರಳು ಎದುರಿಗೆ ಬರುವುದೇ ಇಲ್ಲ, ಪಕ್ಕಕ್ಕೆ ಒರಗಿ ನಿಲ್ಲುತ್ತದೆ. ಅಣ್ಣನ ಮಗಳಿಗೆ 100ರದ್ದು ಹಿಡಿಯೇ ಅಲ್ಲ, ಗೋಡೆಯ ಉಬ್ಬು. “ಚಿಕ್ಕಪ್ಪ, ಇದನ್ನು ನಾನು ತಬ್ಬಿಕೊಳ್ಳಬೇಕೇ?” ಎಂದು ಕೇಳಿದಳು. ಅವಳ ಇಷ್ಟದ್ದು 50. ಆನ್‌ಲೈನ್ ಸೆಟ್‌ನಲ್ಲಿ ಹತ್ತಕ್ಕೆ ಏಳು 90 ಮಿಲಿಮೀಟರಿಗಿಂತ ಅಗಲವಿದ್ದವು, ಅಗಲವನ್ನು ಎಲ್ಲೂ ನಮೂದಿಸಿರಲಿಲ್ಲ.

ಅತಿಯಾಸೆಯೂ ಆಯಿತು. ಬಕೆಟ್ ಲೆಕ್ಕ ಏರುತ್ತಿದ್ದ ಹುರುಪಿನಲ್ಲಿ ವಾರಕ್ಕೆ ನಾಲ್ಕು ದಿನ ಇಕ್ಕಳವೇ ಹತ್ತಿದೆ. 2024ರ ಅಕ್ಟೋಬರ್‌ನಲ್ಲಿ ಹೆಬ್ಬೆರಳ ಬುಡದ ಕೀಲು ಸ್ಕೂಟರ್ ಕೀಲಿ ತಿರುಗಿಸಿದರೂ ಚುಳ್ ಎನ್ನುತ್ತಿತ್ತು. ಒಂದು ತಿಂಗಳು ಮುಟ್ಟಲಿಲ್ಲ. ಈಗ ವಾರಕ್ಕೆ ಎರಡೇ ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಅಷ್ಟಾದರೂ ಸಣ್ಣ ಅಂಚುಗಳಿಗೆ ಬೆರಳ ತುದಿ ಮಡಚಿ ನೇತಾಡುವ ಕ್ರಿಂಪ್‌ಗಿಂತ ಇದು ವಾಸಿ ಎನ್ನುತ್ತೇನೆ. ಅಲ್ಲಿ ಬೆರಳ ಸ್ನಾಯುರಜ್ಜುವನ್ನು ಮೂಳೆಗೆ ಕಟ್ಟಿಹಾಕಿರುವ ಉಂಗುರದಂಥ ಪಟ್ಟಿಗಳ ಮೇಲೆ ಭಾರ ಬೀಳುತ್ತದೆ, ಅವು ಹರಿದರೆ ತಿಂಗಳುಗಟ್ಟಲೆ ಕೈ ಕಟ್ಟಿ ಕೂರಬೇಕು.

ಬಂಡೆಯ ಮೇಲೆ ಇದರಿಂದ ಪ್ರಯೋಜನವಾಯಿತೇ ಎಂದು ಕೇಳುವವರಿಗೆ: ಕಳೆದ ಫೆಬ್ರವರಿ ಕೊನೆಗೆ ಹಂಪಿಗೆ ಹೋಗಿದ್ದೆ. ಅಲ್ಲಿನ ಗ್ರಾನೈಟ್ ಗುಂಡುಗಳಲ್ಲಿ ನನ್ನ ಗೋಡೆಯ ಹಿಡಿಯಂಥದ್ದು ಒಂದೂ ಕೈಗೆ ಸಿಗಲಿಲ್ಲ. ಆದರೆ ಒಂದು ಗುಂಡಿನ ಏಣನ್ನು ಎರಡು ಬದಿಯಿಂದ ಒತ್ತಿ ಹಿಡಿದು ಮೇಲೇರುವ ದಾರಿಯಿತ್ತು. ಅದಕ್ಕೂ ಹಿಂದಿನ ವರ್ಷ ಮೂರು ಬಾರಿ ಜಾರಿದ್ದ ಜಾಗ. ಈ ಸಲ ಎರಡನೆಯ ಪ್ರಯತ್ನಕ್ಕೆ ನೆತ್ತಿಯ ಮೇಲಿದ್ದೆ. ಅಂಗೈ ಚರ್ಮ ಎಂದಿನಂತೆ ಅಲ್ಲಿಯೇ ಉಳಿಯಿತು.

ಇವತ್ತು ಮತ್ತೆ ಕೊಳ್ಳುವುದಾದರೆ ಪಾಲಿಯೆಸ್ಟರ್ ಸೆಟ್ ಬಿಟ್ಟಿ ಕೊಟ್ಟರೂ ಬೇಡ. ಉಳಿದಿರುವ ಎಂಟರಲ್ಲಿ ನಾಲ್ಕು ಈಗ ಕಾಲಿಡಲು, ಒಂದು ಗೋದಾಮಿನ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಡಲು. ಪಾಲಿಯುರೆಥೇನ್ ನಾಲ್ಕು ಸಾಕು, 60ರಿಂದ 80 ಮಿಲಿಮೀಟರ್ ಅಗಲದವು. ಉಳಿದದ್ದನ್ನು ಊರಿನ ಆಚಾರರ ಹತ್ತಿರ ಮರದಲ್ಲಿ ಮಾಡಿಸಿಕೊಳ್ಳಿ. ಸಿಲ್ವರ್ ಓಕ್‌ನ ಅಂಚು ಒಂದೂವರೆ ವರ್ಷಕ್ಕೆ ಸ್ವಲ್ಪ ನಾರು ಬಿಡುತ್ತಿದೆ, ಮುಂದಿನ ಜೋಡಿಗೆ ಹೆಬ್ಬಲಸಿನ ತುಂಡು ಎತ್ತಿಟ್ಟಿದ್ದೇನೆ. ತೋಡು ಬೇಡವೆಂದು ಈ ಸಲ ಕಾಗದದ ಮೇಲೆ ಬರೆದೇ ಕೊಡಬೇಕು.

ಹದಿನೈದು ದಿನದಲ್ಲಿ ಮೂಟೆಗಳು ಬರುತ್ತವೆ. ಅಷ್ಟರೊಳಗೆ ಮರದ ಎಂಟನ್ನು ಮೇಲಿನ ಸಾಲುಗಳಿಗೆ ಏರಿಸಿ ಗೋಡೆಯ ಚಾಕ್‌ಪುಡಿಯನ್ನೆಲ್ಲ ಒರೆಸಬೇಕು. 8 ಮಿಲಿಮೀಟರ್ ಅಲೆನ್ ಕೀಲಿಯನ್ನು ಅಣ್ಣನ ಮಗಳು ಎಲ್ಲಿಟ್ಟಿದ್ದಾಳೋ, ಬೆಳಗಿನಿಂದ ಹುಡುಕುತ್ತಿದ್ದೇನೆ.