ಟೆಸ್ಟ್‌ಲಿಬ್, ಪ್ರಾಡ್‌ಲಿಬ್: ಹೆಸರು ಬರೆಯದೆ ಕೆಲಸ ಮಾಡುವ ಮೂರು ದಾರಿ

ಐಬಿಎಂ ಐ ಮೆಷಿನ್‌ನಲ್ಲಿ (ಕಂಪನಿಗಳು ವ್ಯವಹಾರಕ್ಕೆ ಬಳಸುವ ಐಬಿಎಂ ಸರ್ವರ್; ನಮ್ಮ ಬಾಯಲ್ಲಿ ಇವತ್ತಿಗೂ ಎಎಸ್/400) ಟೆಸ್ಟ್‌ಗೂ ಪ್ರೊಡಕ್ಷನ್‌ಗೂ ಎಷ್ಟೋ ಸಲ ಲೈಬ್ರರಿಯ (ಫೈಲು, ಪ್ರೋಗ್ರಾಂಗಳನ್ನು ಇಡುವ ಡಬ್ಬಿ) ಹೆಸರಷ್ಟೇ ವ್ಯತ್ಯಾಸ: ಇಲ್ಲಿ ಟೆಸ್ಟ್‌ಲಿಬ್, ಅಲ್ಲಿ ಪ್ರಾಡ್‌ಲಿಬ್. ಆ ಹೆಸರನ್ನು ಪ್ರೋಗ್ರಾಂನಲ್ಲೇ ಬರೆದುಬಿಟ್ಟರೆ, ಲೈವ್ ಹೋಗುವ ದಿನ ಸೋರ್ಸ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಟೆಸ್ಟ್ ಆದದ್ದು ಒಂದು, ಓಡುವುದು ಇನ್ನೊಂದು.

ಮೊದಲು ನಾನು ನೆಚ್ಚಿಕೊಂಡದ್ದು ಡೇಟಾ ಏರಿಯಾವನ್ನು, ಅಂದರೆ ಪ್ರೋಗ್ರಾಂಗಳು ಓದುವ ಒಂದು ಚಿಕ್ಕ ಮೌಲ್ಯ ಇಡುವ ಜಾಗವನ್ನು. ಲೈಬ್ರರಿ ಹೆಸರು ಅದರಲ್ಲಿರುತ್ತದೆ. ಸಿಎಲ್ (ಸಿಸ್ಟಂನ ಕಮಾಂಡ್ ಭಾಷೆ) ಪ್ರೋಗ್ರಾಂ ಅದನ್ನು ಓದಿ ಒಂದೊಂದು ಫೈಲಿಗೂ ಓವರ್‌ರೈಡ್ ಹಾಕುತ್ತದೆ, ಅಂದರೆ ಈ ಹೆಸರಿನ ಫೈಲನ್ನು ಆ ಲೈಬ್ರರಿಯಲ್ಲಿ ತೆಗೆ ಅನ್ನುತ್ತದೆ. ಚೊಕ್ಕವಾಗಿತ್ತು. ಆದರೆ ಆ ಡೇಟಾ ಏರಿಯಾ ಇರುವುದು ಯಾವ ಲೈಬ್ರರಿಯಲ್ಲಿ? ಹುಡುಕಲು ಮತ್ತೆ ಲೈಬ್ರರಿ ಲಿಸ್ಟೇ (ಸಿಸ್ಟಂ ಒಂದಾದ ಮೇಲೊಂದು ಹುಡುಕುವ ಲೈಬ್ರರಿಗಳ ಪಟ್ಟಿ) ಬೇಕು! ಹೊಸ ಫೈಲ್ ಸೇರಿಸಿದವರು ಓವರ್‌ರೈಡ್ ಸಾಲು ಮರೆಯುವುದಂತೂ ಇದ್ದದ್ದೇ.

ಹಾಗಾಗಿ ನೇರವಾಗಿ ಲೈಬ್ರರಿ ಲಿಸ್ಟ್‌ಗೇ ಬಂದೆ. ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ (ಜಾಬ್ ಹೇಗೆ ಓಡಬೇಕೆಂಬ ಸೆಟ್ಟಿಂಗ್‌ಗಳು) ಪಟ್ಟಿ, ಪ್ರೋಗ್ರಾಂನಲ್ಲಿ ಬರೀ ಫೈಲ್ ಹೆಸರು. ಪಟ್ಟಿಯ ಬಳಕೆದಾರರ ಭಾಗದಲ್ಲೇ 250 ಲೈಬ್ರರಿ ಹಿಡಿಸುತ್ತದೆ, ಆದರೆ ಅಪಾಯ ಇರುವುದೂ ಅಲ್ಲೇ. ಒಮ್ಮೆ ನನ್ನ ಟೆಸ್ಟ್ ಪಟ್ಟಿಯ ಕೊನೆಯಲ್ಲಿ ‘ಇರಲಿ ಬಿಡು’ ಅಂತ ಪ್ರಾಡ್‌ಲಿಬ್ ಉಳಿದಿತ್ತು. ಟೆಸ್ಟ್‌ಲಿಬ್‌ನಲ್ಲಿ ಒಂದು ಫೈಲ್ ಇರಲಿಲ್ಲ. ಸಿಸ್ಟಂ ಎರರ್ ಕೊಡಲಿಲ್ಲ. ಕೆಳಗಿಳಿದು ಅಸಲಿ ಫೈಲನ್ನೇ ಹಿಡಿದು ಅಪ್‌ಡೇಟ್ ಮಾಡಿತು. ಆ ಸಂಜೆ ಜರ್ನಲ್ (ಫೈಲಿನ ಬದಲಾವಣೆಗಳ ದಾಖಲೆ) ತೆಗೆದು ಒಂದೊಂದೇ ರೆಕಾರ್ಡ್ ಹಿಂದಿರುಗಿಸಿದ್ದು ಈಗಲೂ ನೆನಪಿದೆ. ಇನ್ನೊಂದು: ಸಬ್‌ಮಿಟ್ ಮಾಡಿದ ಜಾಬ್, ಬೇರೆ ಹೇಳದಿದ್ದರೆ, ನನ್ನ ಆಗಿನ ಪಟ್ಟಿಯನ್ನೇ ಹೊತ್ತೊಯ್ಯುತ್ತದೆ. ಶೆಡ್ಯೂಲರ್‌ನಿಂದ ಹೊರಡುವ ಜಾಬ್ ತನ್ನ ಜಾಬ್ ಡಿಸ್ಕ್ರಿಪ್ಷನ್‌ನ ಪಟ್ಟಿ ಹಿಡಿಯುತ್ತದೆ. ಹಗಲು ಓಡಿದ್ದು ರಾತ್ರಿ ಬೀಳುವುದು ಹೀಗೆ.

ಮೂರನೆಯದು ಎಸ್‌ಕ್ಯೂಎಲ್ ಹೆಸರಿಡುವ ಪದ್ಧತಿಯಲ್ಲಿ ಸೆಟ್ ಸ್ಕೀಮಾ: ಯಾವ ಸ್ಕೀಮಾದಲ್ಲಿ (ಎಸ್‌ಕ್ಯೂಎಲ್‌ನಲ್ಲಿ ಲೈಬ್ರರಿಗೆ ಇದೇ ಹೆಸರು) ಹುಡುಕಬೇಕು ಅಂತ ಹೇಳುವ ಕಮಾಂಡ್. ಒಂದೇ ಸ್ಕೀಮಾ ಸಾಕಾದರೆ ಇದೇ ಸರಳ. ಆದರೆ ಇಲ್ಲಿ ಟೇಬಲ್‌ಗಾಗಿ ಪಟ್ಟಿಯನ್ನು ನೋಡುವುದೇ ಇಲ್ಲ. ಜಾವಾದಿಂದ ಬಂದ ನನ್ನ ಮೊದಲ ಕ್ವೆರಿ ನನ್ನ ಯೂಸರ್ ಹೆಸರಿನ ಸ್ಕೀಮಾದಲ್ಲೇ ಟೇಬಲ್ ಹುಡುಕಿ ‘ಸಿಗಲಿಲ್ಲ’ ಅಂದಿತು. ಆರ್ಡರ್ ಒಂದು ಲೈಬ್ರರಿಯಲ್ಲಿ, ಕೋಡ್ ಟೇಬಲ್ ಇನ್ನೊಂದರಲ್ಲಿ ಇದ್ದರೆ ಕನೆಕ್ಷನ್‌ನಲ್ಲಿ ಸಿಸ್ಟಂ ನೇಮಿಂಗ್ (ಲೈಬ್ರರಿ ಲಿಸ್ಟ್ ನೋಡುವ ಪದ್ಧತಿ) ಇಟ್ಟು ಪಟ್ಟಿ ಕೊಡುವುದೇ ವಾಸಿ.

ನಾನು ಉಳಿಸಿಕೊಂಡದ್ದು ಲೈಬ್ರರಿ ಲಿಸ್ಟನ್ನು. ಟೆಸ್ಟ್ ಪಟ್ಟಿಯಲ್ಲಿ ಪ್ರಾಡ್‌ಲಿಬ್‌ಗೆ ಜಾಗವಿಲ್ಲ. ಸಿಎಲ್ ಶುರುವಿನಲ್ಲೇ ಮುಖ್ಯ ಫೈಲ್ ಯಾವ ಲೈಬ್ರರಿಯಲ್ಲಿ ಸಿಕ್ಕಿತು ಅಂತ ಕೇಳಿ, ಡೇಟಾ ಏರಿಯಾದ ಹೆಸರಿಗೆ ತಾಳೆಯಾಗದಿದ್ದರೆ ಜಾಬ್ ನಿಲ್ಲಿಸುತ್ತೇನೆ. ಡೇಟಾ ಏರಿಯಾಕ್ಕೆ ಈಗ ಅಷ್ಟೇ ಕೆಲಸ.