ವೀರಣ್ಣನ ಮುಂದೆ ಸಿಲ್ಕೋ

ನಮ್ಮ ಹಾಸನದ ಕಡೆ ಪೌರಾಣಿಕ ನಾಟಕ ಕಟ್ಟುವಾಗ ದುರ್ಯೋಧನನ ಪಾತ್ರ ಬೇಕೆಂದವನು ಧರ್ಮರಾಯನಿಗಿಂತ ಹೆಚ್ಚು ದುಡ್ಡು ಕಟ್ಟಬೇಕು. ಕಾರ್ಟೂನ್ ನೋಡುವಾಗಲೂ ನನ್ನದು ಅದೇ ಲೆಕ್ಕ. ಈ ಮಳೆಗಾಲದಲ್ಲಿ ನೆಟ್‌ಫ್ಲಿಕ್ಸ್‌ಗೆ ಒಂದು ತಿಂಗಳ ಚಂದಾ ಕಟ್ಟಿ, ಸಕಲೇಶಪುರದ ಮನೆಯಲ್ಲಿ ಇಬ್ಬರು ಖಳರನ್ನು ಕೊನೆಯುಸಿರಿನವರೆಗೆ ನೋಡಿದೆ. ಒಬ್ಬ ‘ದಿ ಡ್ರ್ಯಾಗನ್ ಪ್ರಿನ್ಸ್’ನ ಮಾಟಗಾರ ಮಂತ್ರಿ ವೀರೆನ್, ಇನ್ನೊಬ್ಬ ‘ಆರ್ಕೇನ್’ನ ಸಿಲ್ಕೋ. ನನ್ನ ಓಟು ವೀರೆನ್‌ಗೆ. ಅಕ್ಕನ ಮಗಳು ಮೊದಲ ದಿನವೇ ಅವನನ್ನು ವೀರಣ್ಣ ಎಂದಳು. ಮನೆಯಲ್ಲಿ ಈಗ ಅದೇ ಹೆಸರು. (ಕಥೆ ಬಿಟ್ಟುಕೊಡುತ್ತಿದ್ದೇನೆ; ಬೇಡದವರು ಇಲ್ಲಿಗೇ ನಿಲ್ಲಿಸಿ.)

ವೀರಣ್ಣನನ್ನು ತಲುಪುವುದೇ ಒಂದು ಪಾಡು. ಮೊದಲ ಕಂತು ಹಾಕಿದೊಡನೆ ಚಿತ್ರ ತಡೆತಡೆದು ಓಡತೊಡಗಿತು. ಮಾತು ಸರಾಗ, ಕೈಕಾಲು ಮಾತ್ರ ತೊದಲುತ್ತಿದ್ದವು. ಹೊರಗೆ ಆಷಾಢದ ಗಾಳಿ. ಸಿಲ್ವರ್ ಮರದ ಕೊಂಬೆ ತಂತಿಯ ಮೇಲೆ ಬಿದ್ದಿರಬೇಕೆಂದುಕೊಂಡು ರೂಟರ್ ಆರಿಸಿ ಹಾಕಿದೆ. ಟಿವಿ ಬಿಟ್ಟು ಮೊಬೈಲ್‌ನಲ್ಲಿ ನೋಡಿದೆ. ಅದೇ ಕುಂಟು.

ಮಾರನೆಯ ದಿನ ಇಂಟರ್ನೆಟ್ ಹುಡುಗ ಮಳೆಕೋಟಿನಿಂದ ನೀರು ಸುರಿಸಿಕೊಂಡು ಬಂದ. ವೇಗ ಅಳೆದ, ಒಂದು ಕ್ರಿಕೆಟ್ ಪಂದ್ಯ ಹಾಕಿ ತೋರಿಸಿದ, ಚೆಂಡು ಬೆಣ್ಣೆಯಂತೆ ಜಾರಿತು. “ಲೈನ್ ಸರಿಯಾಗಿದೆ ಸಾರ್, ನಿಮ್ಮ ಬೊಂಬೆಗಳೇ ಕುಂಟುತ್ತಿವೆ” ಎಂದ. ಅವನು ಹೇಳಿದ್ದೇ ನಿಜ. 2018ರ ಆ ಮೊದಲ ಸೀಸನ್ನಿನಲ್ಲಿ ಸೆಕೆಂಡಿಗೆ ಚಿತ್ರಗಳ ಸಂಖ್ಯೆಯನ್ನೇ ಕಡಿಮೆ ಇಟ್ಟಿದ್ದಾರೆ. ನೋಡಿದವರು ಬೈದ ಮೇಲೆ 2019ರ ಎರಡನೆಯ ಸೀಸನ್ನಿಗೆ ಸುಧಾರಿಸಿದರು. ಸುಮ್ಮನೆ ಬಂದ ತಪ್ಪಿಗೆ ಹುಡುಗನಿಗೆ ಕಾಫಿ, ನೂರು ರೂಪಾಯಿ. ಒಂಬತ್ತು ಕಂತು ಹಲ್ಲುಕಚ್ಚಿ ಕಳೆದೆವು.

ಚಿತ್ರದ ಅಂದದಲ್ಲಿ ‘ಆರ್ಕೇನ್’ ಮುಂದೆ ಇದು ನಿಲ್ಲುವುದಿಲ್ಲ.

ಸಿಲ್ಕೋನನ್ನು ಹುಡುಗಿ ಮಲಗಿದ ಮೇಲೆ ಒಬ್ಬನೇ ನೋಡಿದೆ. ಕೆಟ್ಟ ಕಣ್ಣಿಗೆ ಸೂಜಿ ಚುಚ್ಚಿಸಿಕೊಳ್ಳುವವನನ್ನು ಮಕ್ಕಳಿಗೆ ತೋರಿಸುವುದು ಹೇಗೆ? ತನ್ನ ಕೇರಿಯ ಸ್ವಾತಂತ್ರ್ಯಕ್ಕಾಗಿ ಅದೇ ಕೇರಿಗೆ ವಿಷ ಮಾರುವವನು. ಕೊನೆಗೆ ಆ ಸ್ವಾತಂತ್ರ್ಯ ಕೈಗೆಟುಕಿದಾಗ ಅದರ ಬೆಲೆ ಸಾಕುಮಗಳು ಎಂದು ತಿಳಿದು ಕೊಡಲಾರದೆ ಹೋಗುತ್ತಾನೆ, ಅವಳ ಗುಂಡಿಗೇ ಸಾಯುತ್ತಾನೆ. ಗಂಟಲು ಕಟ್ಟಿತು, ಸುಳ್ಳೇಕೆ. ಆದರೆ ಅವನದು ಒಂದೇ ಗಂಟು. ಅದು ಬಿಚ್ಚಿದ ಮೇಲೆ ಮತ್ತೆ ನೆನೆಯಲು ಏನೂ ಉಳಿಯಲಿಲ್ಲ.

ವೀರಣ್ಣನ ಜೊತೆ ಜಗಳ ಇನ್ನೂ ಮುಗಿದಿಲ್ಲ. ಬರ ಬಂದು ಜನ ಹಸಿದಾಗ ಗಡಿ ದಾಟಿ ದೈತ್ಯನನ್ನು ಕೊಂದು, ಅದರ ಹೃದಯದಿಂದ ಮಾಟ ಮಾಡಿ ನೆಲ ಹಸಿರಾಗಿಸಬಹುದೆಂದು ರಾಜನಿಗೆ ಹೇಳಿಕೊಟ್ಟವನು ಇವನೇ. ಜನ ಉಂಡರು, ಆ ಸಾಹಸದಲ್ಲಿ ರಾಣಿ ಸತ್ತಳು. ಮಳೆ ನೋಡಿ ಬದುಕುವ ನನಗೆ ಅವನನ್ನು ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಅದೇ ಮನುಷ್ಯ ಮುಂದೆ ಮಗಳನ್ನು ಪಕ್ಕಕ್ಕೆ ಕರೆದು, ಅಣ್ಣ ಮತ್ತು ತಾನು ಹುಡುಕಿಸುತ್ತಿರುವ ಡ್ರ್ಯಾಗನ್ ಮೊಟ್ಟೆ ಎರಡರಲ್ಲಿ ಒಂದೇ ಉಳಿಯುವುದಾದರೆ ಮೊಟ್ಟೆಯನ್ನು ಆರಿಸಿಕೋ ಎನ್ನುತ್ತಾನೆ. ದನಿ ಏರಿಸುವುದೂ ಇಲ್ಲ. ತನಗೂ ಒಬ್ಬ ಅಣ್ಣನಿರುವ ಹುಡುಗಿ ಆ ರಾತ್ರಿ “ವೀರಣ್ಣ ಬೇಡ ಮಾವ, ಬರೀ ವೀರೆನ್” ಎಂದಳು. ಮೂರು ದಿನ ಹಾಗೆಯೇ ಕರೆದಳು.

ಆರನೆಯ ಸೀಸನ್ನಿನಲ್ಲಿ ಊರಿಗೆ ಬೆಂಕಿ ಬಿದ್ದಾಗ ಜನರನ್ನು ಉಳಿಸುವ ಮಾಟಕ್ಕೆ ಹೃದಯ ಬೇಕಾಗುತ್ತದೆ. ಈ ಸಲ ಅವನು ಕೊಟ್ಟದ್ದು ತನ್ನದನ್ನೇ. ಅಲ್ಲಿಗೆ ಮುಟ್ಟಲು 54 ಕಂತು ಬೇಕು, ನಾಲ್ಕು ಮತ್ತು ಐದನೆಯ ಸೀಸನ್ನು ಎಳೆದಾಡುತ್ತವೆ. ನಮಗೆ ಕಂತೊಂದು ಅರ್ಧ ಗಂಟೆಯೊಳಗೆ ಮುಗಿಯುವುದೇ ಅನುಕೂಲವಾಯಿತು. ಇಲ್ಲಿ ಕರೆಂಟು ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವ ಭರವಸೆ ಇಲ್ಲ. ರಾತ್ರಿಗೆ ಎರಡರಂತೆ ನೋಡಿದರೆ ಒಂದು ತಿಂಗಳ ಚಂದಾದಲ್ಲಿ ವೀರಣ್ಣ ಮುಗಿಯುತ್ತಾನೆ.

‘ಆರ್ಕೇನ್’ನ ಎರಡನೆಯ ಸೀಸನ್ ಬಾಕಿ ಇದೆ. ಸಿಲ್ಕೋ ಮೊದಲನೆಯದರಲ್ಲೇ ಸತ್ತಿರುವುದರಿಂದ ಅವಸರವೇನಿಲ್ಲ, ಕಾಫಿ ಕೊಯ್ಲು ಮುಗಿದ ಮೇಲೆ ನೋಡಿದರಾಯಿತು.