ಆಸ್ಟ್ರೋಸ್ಯಾಟ್ ಅನುದಾನ: ಕೋಲಾರದ ಮೇಜಿನಿಂದ ನೋಡಿದರೆ

ದೂರದರ್ಶಕದ ಸಮಯಕ್ಕೆ ಬಾಡಿಗೆಯಿಲ್ಲ, ಡೇಟಾಗೆ ಬೆಲೆಯಿಲ್ಲ, ವಿಶ್ಲೇಷಣೆಯ ತಂತ್ರಾಂಶವೂ ಪುಕ್ಕಟೆ. ಹಾಗಾದರೆ ಅನುದಾನ ಯಾಕೆ? ಆ ಡೇಟಾದ ಮುಂದೆ ಮೂರು ವರ್ಷ ಕೂತು ಕೆಲಸ ಮಾಡುವ ಹುಡುಗನಿಗೋ ಹುಡುಗಿಗೋ ತಿಂಗಳಿಗೆ ಸಂಬಳ ಕೊಡಬೇಕು, ಅದಕ್ಕೆ. ಇಸ್ರೋದ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್, ಅದರ ಡೇಟಾ, ಅದಕ್ಕೆ ಸಿಗುವ ಅನುದಾನ, ಈ ಸೇವೆಯನ್ನು ಈ ಲೆಕ್ಕದಲ್ಲೇ ತೂಗಬೇಕು. ಟಮಕದ ಸ್ನಾತಕೋತ್ತರ ವಿಭಾಗ, ಕೆ.ಜಿ.ಎಫ್., ಚಿಂತಾಮಣಿ, ಗೌರಿಬಿದನೂರಿನ ಕಾಲೇಜುಗಳಲ್ಲಿ ಭೌತಶಾಸ್ತ್ರ ಹೇಳುತ್ತಾ ಸಂಶೋಧನೆಯನ್ನೂ ಮಾಡಬೇಕೆಂದಿರುವ ಅಧ್ಯಾಪಕರಿಗೆ ಇದರಲ್ಲಿ ಎಷ್ಟು ದಕ್ಕುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲು ಸರಕು. ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಪಿ.ಎಸ್.ಎಲ್.ವಿ. ಸಿ-30ರಲ್ಲಿ ಹೋಯಿತು. ಸುಮಾರು 650 ಕಿ.ಮೀ. ಎತ್ತರ, ಭೂಮಧ್ಯರೇಖೆಗೆ 6 ಡಿಗ್ರಿ ಓರೆ. ಐದು ವರ್ಷ ಬಾಳಲಿ ಎಂದು ಕಟ್ಟಿದ್ದು, ಹಾರಿ ಹತ್ತು ವರ್ಷ ದಾಟಿದೆ. ಇದರ ಹೆಚ್ಚುಗಾರಿಕೆ ಒಂದೇ: ಒಂದೇ ಆಕಾಶಕಾಯವನ್ನು ಅತಿನೇರಳೆಯಲ್ಲೂ ಎಕ್ಸ್-ಕಿರಣದಲ್ಲೂ ಏಕಕಾಲಕ್ಕೆ ನೋಡಬಹುದು. ಅತಿನೇರಳೆಗೆ ಯುವಿಟ್, ಮೃದು ಎಕ್ಸ್-ಕಿರಣಕ್ಕೆ ಎಸ್.ಎಕ್ಸ್.ಟಿ., 3ರಿಂದ 80 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್-ಕಿರಣಕ್ಕೆ ಲ್ಯಾಕ್ಸ್‌ಪಿಸಿ, ಗಡಸು ಎಕ್ಸ್-ಕಿರಣಕ್ಕೆ ಸಿ.ಝಡ್.ಟಿ.ಐ., ಆಕಾಶ ಜಾಲಾಡಲು ಎಸ್.ಎಸ್.ಎಂ. ಯುವಿಟ್ ಜೋಡಣೆಯಾದದ್ದು ಹೊಸಕೋಟೆಯ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಕೋಲಾರದಿಂದ ಬೆಂಗಳೂರಿಗೆ ದಿನಾ ಬಸ್ಸಲ್ಲಿ ಓಡಾಡುವವರು ಅದೇ ದಾರಿಯಲ್ಲಿ ಹೋಗುತ್ತಾರೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ನಮ್ಮ ಭಾಗದ ಎಂ.ಎಸ್ಸಿ. ಪ್ರೊಜೆಕ್ಟ್‌ಗಳು ಮಾತ್ರ ಇನ್ನೂ ಎಲ್ಲೆಲ್ಲಿಂದಲೋ ಡೇಟಾ ತರುತ್ತವೆ.

ಡೇಟಾ ಇರುವುದು ಬ್ಯಾಲಾಳಿನ ಭಾರತೀಯ ಅಂತರಿಕ್ಷ ವಿಜ್ಞಾನ ದತ್ತಾಂಶ ಕೇಂದ್ರದಲ್ಲಿ. ಅದರ ಆಸ್ಟ್ರೋಬ್ರೌಸ್ ಪುಟದಲ್ಲಿ ಹೆಸರು ನೋಂದಾಯಿಸಿದರೆ ಇಳಿಸಿಕೊಳ್ಳಬಹುದು. 2018ರ ಸೆಪ್ಟೆಂಬರ್‌ನಿಂದ ಭಂಡಾರ ಸಾರ್ವಜನಿಕರಿಗೆ ತೆರೆದಿದೆ. ಹೊಸ ವೀಕ್ಷಣೆ ಕೇಳಿ ಪಡೆದವರಿಗೆ 12 ತಿಂಗಳ ಏಕಸ್ವಾಮ್ಯ, ಆಮೇಲೆ ಅದು ಎಲ್ಲರ ಸೊತ್ತು. ಕೋಲಾರದಲ್ಲಿ ಕೂತವರಿಗೆ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಸಿಗುವುದು ಕಷ್ಟ.

ಆದರೆ ಸರಕಿನಲ್ಲಿ ಮುರಿದದ್ದೂ ಇದೆ. ಪ್ರಪೋಸಲ್ ಬರೆಯುವ ಮೊದಲೇ ಅದನ್ನು ತಿಳಿದಿರಬೇಕು. ಯುವಿಟ್‌ನ ಸಮೀಪ ಅತಿನೇರಳೆ ಚಾನೆಲ್ 2018ರ ಮಾರ್ಚ್‌ನಲ್ಲಿ ಕೆಲಸ ನಿಲ್ಲಿಸಿತು. ಅದಕ್ಕೂ ಹಿಂದಿನ ವೀಕ್ಷಣೆಗಳಲ್ಲಿ ಮಾತ್ರ ಸಮೀಪ, ದೂರ ಎರಡೂ ಅತಿನೇರಳೆ ಬಣ್ಣಗಳ ಹೋಲಿಕೆ ಸಾಧ್ಯ. 2020ರ ಗೆಲಾಕ್ಸಿ ವೀಕ್ಷಣೆಯೊಂದನ್ನು ಹಿಡಿದು ಎರಡು ಬಣ್ಣದ ವ್ಯತ್ಯಾಸ ಅಳೆಯುತ್ತೇವೆ ಎಂದು ಬರೆದರೆ ವಿಮರ್ಶಕರು ಎರಡನೇ ಪುಟ ತಿರುಗಿಸುವುದಿಲ್ಲ. ಲ್ಯಾಕ್ಸ್‌ಪಿಸಿಯಲ್ಲಿ ಮೂರು ಘಟಕಗಳಿದ್ದವು. ಮೂರನೆಯದರಲ್ಲಿ ಅನಿಲ ಸೋರಿ, ಅದನ್ನೂ 2018ರ ಮಾರ್ಚ್‌ನಲ್ಲೇ ಆಫ್ ಮಾಡಿದರು. ಮೊದಲನೆಯದರ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಆಚೀಚೆ ಓಲಾಡುತ್ತದೆ. ನೆಚ್ಚಿಕೊಳ್ಳಬಹುದಾದದ್ದು ನಡುವಿನದು, ಲ್ಯಾಕ್ಸ್‌ಪಿಸಿ-20. ಹೀಗಾಗಿ ಮೂರರ ಒಟ್ಟು ವಿಸ್ತೀರ್ಣ ಹಾಕಿ ಲೆಕ್ಕ ಕಟ್ಟಿದ ಪ್ರಪೋಸಲ್‌ನಲ್ಲಿ ಫೋಟಾನ್‌ಗಳ ಸಂಖ್ಯೆ ಮೂರುಪಟ್ಟು ಉಬ್ಬಿರುತ್ತದೆ.

ಲ್ಯಾಕ್ಸ್‌ಪಿಸಿಯ ಸ್ವಭಾವವೂ ವಿಚಿತ್ರ. ನಮ್ಮ ಟೊಮೆಟೊ ಮಂಡಿಯ ತೂಕದ ಯಂತ್ರ ಇದ್ದ ಹಾಗೆ: ರಾಶಿ ಎಷ್ಟು ಎಂದು ಹತ್ತು ಮೈಕ್ರೋಸೆಕೆಂಡ್ ನಿಖರತೆಯಲ್ಲಿ ಹೇಳುತ್ತದೆ, ಯಾವ ಹೊಲದ್ದು ಎಂದು ಹೇಳುವುದಿಲ್ಲ. ಚಿತ್ರ ತೆಗೆಯುವ ಉಪಕರಣ ಅದಲ್ಲ. ಸುಮಾರು ಒಂದು ಡಿಗ್ರಿ ಅಗಲದ ಕಿಂಡಿಯಲ್ಲಿ ಬಂದ ಎಕ್ಸ್-ಕಿರಣವೆಲ್ಲ ಒಂದೇ ಬುಟ್ಟಿಗೆ. ಪಕ್ಕದಲ್ಲಿ ಇನ್ನೊಂದು ಪ್ರಕಾಶಮಾನ ಆಕರವಿದ್ದರೆ ಫಲಿತಾಂಶ ಕಲಬೆರಕೆ. ಮಂಕಾದ ಆಕರಗಳಿಗೆ ಹಿನ್ನೆಲೆಯ ಅಂದಾಜೇ ದೊಡ್ಡ ತಲೆನೋವು, ಹೆಚ್ಚಿನ ಶಕ್ತಿಗೆ ಹೋದಷ್ಟೂ ಹಿನ್ನೆಲೆಯೇ ಆಕರವನ್ನು ನುಂಗುತ್ತದೆ. ಹೊಸಬರು ಎಕ್ಸ್-ಕಿರಣ ಜೋಡಿನಕ್ಷತ್ರಗಳಿಂದ ಶುರು ಮಾಡುವುದು ಕ್ಷೇಮ. ಜಿ.ಆರ್.ಎಸ್. 1915+105, ಸಿಗ್ನಸ್ ಎಕ್ಸ್-1ರಂಥವಕ್ಕೆ ವೀಕ್ಷಣೆಗಳು ಧಾರಾಳ. ಅವುಗಳ ಮೇಲೆ ಪ್ರಬಂಧಗಳೂ ಅಷ್ಟೇ ಧಾರಾಳ ಅನ್ನಿ. ಕೈ ಪಳಗಿಸಿಕೊಳ್ಳಲು ಅವು, ಅನುದಾನ ಕೇಳಲು ಬೇರೆ.

ಎಸ್.ಎಕ್ಸ್.ಟಿ.ಯಲ್ಲಿ ಹೊಸಬರು ಎಡವುವ ಜಾಗ ಗೊತ್ತಿರುವುದೇ. ಡೇಟಾ ಕಕ್ಷೆವಾರು ಕಡತಗಳಾಗಿ ಬರುತ್ತದೆ, ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬಿದ್ದಿರುತ್ತದೆ. ಹಾಗೇ ಕೂಡಿಸಿದರೆ ಒಂದೇ ಫೋಟಾನ್ ಎರಡು ಸಲ ಎಣಿಕೆಯಾಗುತ್ತದೆ. ಉಪಕರಣದ ತಂಡ ಕೊಟ್ಟಿರುವ ಮರ್ಜರ್ ಸಾಧನದಿಂದಲೇ ಕೂಡಿಸಬೇಕು. ಆಕರದ ಸುತ್ತ ಹಾಕುವ ವೃತ್ತ 15 ಆರ್ಕ್‌ಮಿನಿಟ್‌ವರೆಗೂ ಬೇಕಾಗುತ್ತದೆ, ಬೇರೆ ದೂರದರ್ಶಕಗಳ ಅಭ್ಯಾಸದಲ್ಲಿ ಪುಟ್ಟ ವೃತ್ತ ಹಾಕಿದರೆ ಬೆಳಕು ಹೊರಗೇ ಉಳಿಯುತ್ತದೆ. ಹಿನ್ನೆಲೆಗೆ ಅದೇ ಚಿತ್ರದ ಮೂಲೆಯನ್ನು ಕತ್ತರಿಸಬೇಡಿ, ತಂಡದವರು ಕೊಟ್ಟಿರುವ ಖಾಲಿ ಆಕಾಶದ ಸ್ಪೆಕ್ಟ್ರಮ್ ಬಳಸಿ. ಸ್ಪೆಕ್ಟ್ರಮ್ ವಿಶ್ಲೇಷಿಸುವ ಎಕ್ಸ್‌ಸ್ಪೆಕ್ ತಂತ್ರಾಂಶದಲ್ಲಿ ಮಾದರಿ ಕೂರಿಸುವಾಗ ಗೇನ್‌ನ ಇಳಿಜಾರು 1ಕ್ಕೆ ಕಟ್ಟಿ, ಆಫ್‌ಸೆಟ್ ಬಿಡಬೇಕು; ಸಾಮಾನ್ಯವಾಗಿ 0.03 ಕಿಲೋ ಎಲೆಕ್ಟ್ರಾನ್ ವೋಲ್ಟ್ ಆಸುಪಾಸು ನಿಲ್ಲುತ್ತದೆ. ಇದನ್ನು ಮಾಡದೆ 2 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಕಾಣುವ ಉಬ್ಬುತಗ್ಗನ್ನು ಹೊಸ ರೇಖೆ ಎಂದುಕೊಂಡರೆ ಕಷ್ಟ.

ಯುವಿಟ್ ಇವೆಲ್ಲಕ್ಕಿಂತ ಸೌಮ್ಯ. 28 ಆರ್ಕ್‌ಮಿನಿಟ್ ಕ್ಷೇತ್ರ, ಒಂದೂವರೆ ಆರ್ಕ್‌ಸೆಕೆಂಡ್ ಆಸುಪಾಸಿನ ಸ್ಪಷ್ಟತೆ, ನೋಡಲೂ ಚೆಂದ. ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಬರೆದ ಸಿಸಿಡಿಲ್ಯಾಬ್ ತಂತ್ರಾಂಶ ವಿಂಡೋಸ್‌ನಲ್ಲೇ ಓಡುತ್ತದೆ, ಲಿನಕ್ಸ್ ಕಂಡರೆ ಹಿಂಜರಿಯುವವರಿಗೆ ಅನುಕೂಲ. ಉಪಗ್ರಹ ಸ್ವಲ್ಪ ಸ್ವಲ್ಪವೇ ಜಾರುತ್ತಿರುವುದರಿಂದ ಕಣ್ಣಿಗೆ ಕಾಣುವ ಬೆಳಕಿನ ಚಾನೆಲ್ಲಿನ ನಕ್ಷತ್ರಗಳನ್ನು ಹಿಡಿದು ಆ ಜಾರುವಿಕೆ ಸರಿಪಡಿಸಬೇಕು. ಆ ಹೆಜ್ಜೆ ತಪ್ಪಿದರೆ ನಕ್ಷತ್ರಗಳು ಹುಳದಂತೆ ಉದ್ದುದ್ದ ಕಾಣುತ್ತವೆ. ಆಮೇಲೆ ಗಾಯಾ ಉಪಗ್ರಹದ ನಕ್ಷತ್ರ ಪಟ್ಟಿಯೊಡನೆ ಸ್ಥಾನ ಹೊಂದಿಸಬೇಕು. ಪ್ರಕಾಶ ಅಳೆಯುವಾಗ 2017ರ ಮಾಪನಾಂಕ ಬಿಟ್ಟು 2020ರ ಪರಿಷ್ಕೃತ ಮಾಪನಾಂಕ ಬಳಸಿ, ಹಳೆಯ ಪ್ರಬಂಧ ನೋಡಿ ಅಂಕಿ ಎತ್ತಿಕೊಂಡವರು ಇಲ್ಲೇ ತಪ್ಪುತ್ತಾರೆ.

ಯಂತ್ರದ ವಿಷಯ ಹೆಚ್ಚಿಲ್ಲ. 32 ಜಿ.ಬಿ. ರ‍್ಯಾಮ್, 2 ಟಿ.ಬಿ. ಎಸ್.ಎಸ್.ಡಿ., ಹೊರಗೆ 4 ಟಿ.ಬಿ. ಡಿಸ್ಕ್ ಸಾಕು. ನಾಸಾದ ಎಕ್ಸ್-ಕಿರಣ ವಿಶ್ಲೇಷಣೆಯ ತಂತ್ರಾಂಶ ಹೀಸಾಫ್ಟ್‌ಗೆ ಉಬುಂಟು ಹಾಕಿ. ಯು.ಪಿ.ಎಸ್. ಮಾತ್ರ ಕಡ್ಡಾಯ: ಪೈಪ್‌ಲೈನ್ (ಡೇಟಾ ಸಂಸ್ಕರಿಸುವ ಆಜ್ಞೆಗಳ ಸರಣಿ) ಓಡುವಾಗ ಕರೆಂಟು ಹೋದರೆ ಅರ್ಧ ಬರೆದ ಕಡತಗಳು ಉಳಿದು, ಮರುದಿನ ಅವೇ ಸರಿಯಾದವು ಎಂದು ಭ್ರಮೆ ಹುಟ್ಟಿಸುತ್ತವೆ. ಲ್ಯಾಕ್ಸ್‌ಪಿಸಿ ಕಡತಗಳು ದೊಡ್ಡವು, ಕಾಲೇಜಿನ ಸಂಪರ್ಕದಲ್ಲಿ ರಾತ್ರಿ ಇಳಿಸಲು ಹಾಕಿ ಹೋಗುವುದೇ ಜಾಣತನ.

ಈಗ ದುಡ್ಡು. ಆಸ್ಟ್ರೋಸ್ಯಾಟ್ ಭಂಡಾರ ಡೇಟಾ ಬಳಕೆ ಕಾರ್ಯಕ್ರಮದಡಿ ಇಸ್ರೋ ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಟ್ಟಿದೆ. ಅದರ ನೆರವು ನೆನೆಯುವ ಪ್ರಬಂಧಗಳು ಸಾಕಷ್ಟಿವೆ. ಇದು ವರ್ಷವಿಡೀ ತೆರೆದಿರುವ ಬಾಗಿಲಲ್ಲ, ಪ್ರಕಟಣೆ ಬಂದಾಗ ಮಾತ್ರ ಅರ್ಜಿ. ಇಸ್ರೋದ ಪ್ರಾಯೋಜಿತ ಸಂಶೋಧನಾ ಯೋಜನೆ ರೆಸ್ಪಾಂಡ್ ಹಳೆಯ ದಾರಿ, ಅಲ್ಲಿ ಇಸ್ರೋ ಕೇಂದ್ರಗಳಿಗೆ ಬೇಕಾದ ಸಮಸ್ಯೆಗಳಿಗೆ ಆದ್ಯತೆ ಇರುವುದರಿಂದ ಶುದ್ಧ ಖಗೋಳ ವಿಜ್ಞಾನ ತುಸು ಹಿಂದೆ ಬೀಳುತ್ತದೆ. ಸಂಶೋಧನೆಗೆ ಅನುದಾನ ಕೊಡುತ್ತಿದ್ದ ಕೇಂದ್ರದ ಮಂಡಳಿ ಎಸ್.ಇ.ಆರ್.ಬಿ. ಈಗ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗೆ ಸೇರಿಹೋಗಿದೆ. ಅಲ್ಲಿ ನಿಮ್ಮ ಅರ್ಜಿ ಐ.ಐ.ಎಸ್ಸಿ. ಅರ್ಜಿಯ ಪಕ್ಕದಲ್ಲಿ ಕೂರುತ್ತದೆ. ಭಂಡಾರ ಡೇಟಾ ಯೋಜನೆಯೇ ನಮ್ಮಂಥ ಕಡೆಗೆ ಹೇಳಿ ಮಾಡಿಸಿದ್ದು.

ಲೆಕ್ಕ ಹೀಗೆ ಹಾಕಿ. ಜೆ.ಆರ್.ಎಫ್. (ಕಿರಿಯ ಸಂಶೋಧಕ) 2023ರ ಜನವರಿಯಿಂದ ತಿಂಗಳಿಗೆ 37,000, ಎಸ್.ಆರ್.ಎಫ್. (ಹಿರಿಯ ಸಂಶೋಧಕ) 42,000. ಕೋಲಾರಕ್ಕೆ ಮನೆ ಬಾಡಿಗೆ ಭತ್ಯೆ ಶೇಕಡಾ 10 ಎಂದು ಹಿಡಿದರೆ ಮೊದಲ ಎರಡು ವರ್ಷ ತಲಾ 4,88,400, ಮೂರನೆಯ ವರ್ಷ 5,54,400. ಮೂರು ವರ್ಷಕ್ಕೆ ಸಂಬಳವೇ 15,31,200 ರೂಪಾಯಿ. ಕಂಪ್ಯೂಟರು, ಡಿಸ್ಕು, ಯು.ಪಿ.ಎಸ್. ಸೇರಿ ಸುಮಾರು 2 ಲಕ್ಷ. ಪ್ರಯಾಣ, ಸಾದಿಲ್ವಾರು, ಸಂಸ್ಥೆಯ ಓವರ್‌ಹೆಡ್ ಬೇರೆ. ಸಂಬಳವೇ ಮುಕ್ಕಾಲು ಪಾಲು ಇರುವ ಬಜೆಟ್ ಕಂಡು ಹೆದರಬೇಡಿ, ಈ ಕೆಲಸಕ್ಕೆ ಅದೇ ಸರಿ. ವಿಭಾಗಕ್ಕೆ ಪ್ರಿಂಟರ್, ಪ್ರೊಜೆಕ್ಟರ್ ಎಂದು ತುರುಕಿದರೆ ಸಮಿತಿಯ ಕಣ್ಣಿಗೆ ಮೊದಲು ಬೀಳುವುದೇ ಅವು.

ಮುಗ್ಗರಿಸುವುದು ವಿಜ್ಞಾನದಲ್ಲಿ ಅಪರೂಪ, ಕ್ಯಾಲೆಂಡರಿನಲ್ಲಿ ನಿತ್ಯ. ಮಂಜೂರಾತಿ ಪತ್ರ ಬಂದ ಮೇಲೆ ಜಾಹೀರಾತು, ಸಂದರ್ಶನ, ಕುಲಸಚಿವರ ಸಹಿ. ನೆಟ್ ಅಥವಾ ಗೇಟ್ ಆದವರು ಸಿಕ್ಕರೂ ಪಿಎಚ್.ಡಿ. ನೋಂದಣಿಯ ಕಾಲಕ್ಕೂ ಪ್ರೊಜೆಕ್ಟಿನ ಕಾಲಕ್ಕೂ ತಾಳೆಯಾಗುವುದಿಲ್ಲ. ನೋಂದಣಿಯಿಲ್ಲದ ಹುಡುಗ ಒಂದು ವರ್ಷದೊಳಗೆ ಉಪನ್ಯಾಸಕ ಹುದ್ದೆಗೆ ಹೋಗುತ್ತಾನೆ, ಅವನು ಕಲಿತ ಪೈಪ್‌ಲೈನ್ ಅವನ ಜೊತೆಗೇ ಹೋಗುತ್ತದೆ. ಆದ್ದರಿಂದ ಪ್ರಪೋಸಲ್ ಪರಿಶೀಲನೆಯಲ್ಲಿರುವಾಗಲೇ ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳನ್ನು ಪುಕ್ಕಟೆ ಡೇಟಾದ ಮೇಲೆ ಪಳಗಿಸಿಡಿ, ಪ್ರತಿ ಆಜ್ಞೆಯನ್ನೂ ಒಂದು ಕಡತದಲ್ಲಿ ಬರೆಸಿಡಿ.

ಹಣ ಜನವರಿಯಲ್ಲಿ ಬಂದರೆ ಮಾರ್ಚ್ 31ಕ್ಕೆ ಲೆಕ್ಕ ಕೇಳುತ್ತಾರೆ. ಯು.ಸಿ. (ಹಣ ಬಳಕೆಯ ಪ್ರಮಾಣಪತ್ರ) ಕೇಂದ್ರದ ಹಣಕಾಸು ನಿಯಮದ 12-ಎ ನಮೂನೆಯಲ್ಲೇ ಇರಬೇಕು, ಜೊತೆಗೆ ಖರ್ಚಿನ ಪಟ್ಟಿ. ಇವೆರಡರ ಅಂಕಿ ಒಂದು ರೂಪಾಯಿ ಆಚೀಚೆಯಾದರೂ ಎರಡನೇ ಕಂತು ನಿಲ್ಲಬಹುದು. ಅನುದಾನಕ್ಕೆ ಬಂದ ಬ್ಯಾಂಕ್ ಬಡ್ಡಿ ನಿಮ್ಮದಲ್ಲ, ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಇದನ್ನು ಮರೆತು ಬಡ್ಡಿಯಲ್ಲಿ ಡಿಸ್ಕ್ ಕೊಂಡರೆ ಆಡಿಟ್ ಆಕ್ಷೇಪಣೆ ಖಾತ್ರಿ. ಖರೀದಿಯದ್ದು ಇನ್ನೊಂದು ಗೋಳು. ಮಂಜೂರಾತಿ ಪತ್ರ ಕೇಂದ್ರದ ನಿಯಮ ಮತ್ತು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಎನ್ನುತ್ತದೆ, ರಾಜ್ಯ ವಿಶ್ವವಿದ್ಯಾಲಯದ ಹಣಕಾಸು ಶಾಖೆ ಸಾರ್ವಜನಿಕ ಖರೀದಿಗಿರುವ 1999ರ ಕರ್ನಾಟಕ ಪಾರದರ್ಶಕತೆ ಕಾಯ್ದೆ ಎನ್ನುತ್ತದೆ. ಯಾವುದನ್ನು ಪಾಲಿಸಬೇಕು ಎಂದು ಮೊದಲ ವಾರದಲ್ಲೇ ಹಣಕಾಸು ಅಧಿಕಾರಿಯಿಂದ ಲಿಖಿತವಾಗಿ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನ ಆವಿಯಾಗುತ್ತದೆ.

ಅನುದಾನ ಸಿಗುವವರೆಗೆ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯೂಕಾದ ವಿಸಿಟಿಂಗ್ ಅಸೋಸಿಯೇಟ್ ಯೋಜನೆ ಹಿಡಿಯಿರಿ. ಮೂರು ವರ್ಷದ ಅವಧಿ, ಕಾಲೇಜು ಅಧ್ಯಾಪಕರಿಗೂ ಉಂಟು, ಓಡಾಟ ಮತ್ತು ವಸತಿಯ ಖರ್ಚು ಐಯೂಕಾದ್ದೇ. ಇಸ್ರೋ ಜೊತೆಗೂಡಿ ನಡೆಸುವ ಆಸ್ಟ್ರೋಸ್ಯಾಟ್ ನೆರವು ಘಟಕವೂ ಅಲ್ಲೇ ಇದೆ. ತಂತ್ರಾಂಶ ಕೈಕೊಟ್ಟಾಗ ಪ್ರಶ್ನೆ ಕಳಿಸುವ ಜಾಗ ಅದು. ಇಡೀ ವ್ಯವಸ್ಥೆಯಲ್ಲಿ ಕಡಿಮೆ ಕಾಗದಪತ್ರಕ್ಕೆ ಹೆಚ್ಚು ಫಲ ಕೊಡುವುದು ಇದೊಂದೇ.

ಹಬಲ್, ಜೇಮ್ಸ್ ವೆಬ್ ಕಡೆ ನೋಡುವವರಿಗೆ ಒಂದು ಮಾತು: ಅವುಗಳ ಸಮಯಕ್ಕೆ ಭಾರತದಿಂದಲೂ ಅರ್ಜಿ ಹಾಕಬಹುದು, ಆದರೆ ಜೊತೆಗೆ ಬರುವ ನಾಸಾ ಹಣ ಅಮೆರಿಕದ ಸಂಸ್ಥೆಗಳಲ್ಲಿರುವವರಿಗೆ. ಸಮಯ ಗೆದ್ದರೂ ಸಂಬಳ ಇಲ್ಲಿಂದಲೇ ಹೊಂದಿಸಬೇಕು.

ಆಸ್ಟ್ರೋಸ್ಯಾಟ್‌ನಲ್ಲಿ ಹೊಸ ವೀಕ್ಷಣೆಗೇ ಅರ್ಜಿ ಹಾಕುವುದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. ಅರ್ಜಿ ಆನ್‌ಲೈನ್, ವಿಜ್ಞಾನದ ಸಮರ್ಥನೆ, ಆಕರದ ಗೋಚರತೆ, ಫೋಟಾನ್ ಎಣಿಕೆಯ ಅಂದಾಜು ಬೇಕು. ಯುವಿಟ್ ಬಳಸುವುದಾದರೆ ಅದೇ ಕ್ಷೇತ್ರದಲ್ಲಿ ಅತಿಪ್ರಕಾಶದ ನಕ್ಷತ್ರವಿಲ್ಲ ಎಂದೂ ತೋರಿಸಬೇಕು, ಯಾಕೆಂದರೆ ಅಂಥದ್ದೊಂದಿದ್ದರೆ ಡಿಟೆಕ್ಟರ್ ಸುಡುವ ಭಯ. ಎಷ್ಟೋ ಒಳ್ಳೆಯ ವಿಷಯಗಳು ಈ ಒಂದು ನಕ್ಷತ್ರದಿಂದ ಬಿದ್ದುಹೋಗುತ್ತವೆ. 20 ಕಿಲೋಸೆಕೆಂಡ್ ಎಂದು ಬರೆದಾಗ ಐದೂವರೆ ಗಂಟೆ ಎಂದುಕೊಳ್ಳಬೇಡಿ. ಭೂಮಿ ಅಡ್ಡ ಬರುವುದು, ದಕ್ಷಿಣ ಅಟ್ಲಾಂಟಿಕ್ ಮೇಲಿನ ವಿಕಿರಣದ ವಲಯ ದಾಟುವುದು ಎಲ್ಲ ಕಳೆದರೆ ಉಪಗ್ರಹ ಅರ್ಧ ದಿನ ಅತ್ತಲೇ ಮುಖ ಮಾಡಿರಬೇಕಾಗುತ್ತದೆ. ಅಷ್ಟು ಸಮಯ ಸಿಕ್ಕರೂ ಯುವಿಟ್‌ಗೆ ದಕ್ಕುವುದು ಕಕ್ಷೆಯ ರಾತ್ರಿಯ ಪಾಲು ಮಾತ್ರ.

ಪ್ರೊಜೆಕ್ಟ್ ಮುಗಿಯುವಾಗ ಕಂಪ್ಯೂಟರನ್ನು ವಿಭಾಗದ ಸ್ಟಾಕ್ ಪುಸ್ತಕದಲ್ಲಿ ನಿಮ್ಮಷ್ಟಕ್ಕೆ ನೀವೇ ಏರಿಸಬೇಡಿ. ಕೊನೆಯ ಯು.ಸಿ. ಜೊತೆ ಆಸ್ತಿ ಪಟ್ಟಿ ಕಳಿಸಿ, ಇಲ್ಲೇ ಉಳಿಸಿಕೊಳ್ಳಲು ಅನುಮತಿ ಕೇಳಿ ಪತ್ರ ಬರೆಯಿರಿ, ಉತ್ತರ ಕಡತಕ್ಕೆ ಸೇರಿದ ಮೇಲೆ ನಮೂದಿಸಿ. ಅಲ್ಲಿಯವರೆಗೆ ಡಿಸ್ಕಿನಲ್ಲಿರುವುದೆಲ್ಲದಕ್ಕೂ ಎರಡನೇ ಪ್ರತಿ ಬೇರೆ ಕೊಠಡಿಯಲ್ಲಿರಲಿ.